ಹಗಲು ಹನ್ನೊಂದರ ದೆವ್ವ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜು ಓದಿದೆ. ಎಚ್ಚರ ಇತ್ತು, ಕಣ್ಣೂ ಬಿಟ್ಟಿದ್ದೆ, ಆದರೆ ಒಂದು ಬೆರಳೂ ಅಲ್ಲಾಡಲಿಲ್ಲ, ಬಾಗಿಲ ಹತ್ತಿರ ಯಾರೋ ನಿಂತಿದ್ದರು ಅಂತ ಬರೆದು, ಕೊನೆಗೆ ನಗುವ ಇಮೋಜಿ ಹಾಕಿದ್ದೀಯ. ಆ ಇಮೋಜಿ ಯಾಕೆ ಅಂತ ಗೊತ್ತು ಮಾರಾಯ. ಇಂಥದ್ದನ್ನು ಹೇಳಿದರೆ ಎದುರಿಗಿರುವವರು ನಗುತ್ತಾರೆ, ಅದಕ್ಕೇ ನಾವೇ ಮೊದಲು ನಕ್ಕುಬಿಡುತ್ತೇವೆ.

ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ, ನನಗೂ ಆಗುತ್ತದೆ ಕಣೋ. ಹಾಸ್ಟೆಲ್ ದಿನಗಳಿಂದಲೂ ಇತ್ತು, ಜಾಸ್ತಿಯಾಗಿದ್ದು ಬೆಂಗಳೂರಿಗೆ ಬಂದು ನೈಟ್ ಶಿಫ್ಟ್ ಶುರುವಾದ ಮೇಲೆ. ಬೆಳಗ್ಗೆ ಕ್ಯಾಬ್ ಇಳಿದು, ಕರ್ಟನ್ ಎಳೆದು, ಪಕ್ಕದ ಮನೆಯ ಮಿಕ್ಸಿ ಸದ್ದಿನಲ್ಲೇ ಮಲಗುತ್ತಿದ್ದೆ. ಹಾಗಾಗಿ ನನ್ನ ದೆವ್ವ ಅಮಾವಾಸ್ಯೆ ರಾತ್ರಿಯದ್ದಲ್ಲ, ಹಗಲು ಹನ್ನೊಂದು ಗಂಟೆಯದ್ದು. ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗುವುದು ಕೇಳುತ್ತಿರುತ್ತದೆ, ಫ್ಯಾನ್ ತಿರುಗುವುದು ಕಾಣುತ್ತಿರುತ್ತದೆ, ಎದೆ ಮೇಲೆ ಮಾತ್ರ ಯಾರೋ ಮಂಡಿಯೂರಿ ಕೂತಿರುತ್ತಾರೆ. ಕೂಗೋಣ ಅಂದರೆ ಗಂಟಲಿಂದ ಸದ್ದೇ ಹೊರಡುವುದಿಲ್ಲ. ಇನ್ನು ಕೆಲವು ಸಲ ನಿದ್ದೆ ಹತ್ತುವ ಹೊತ್ತಿಗೆ ತಲೆಯೊಳಗೆ ಪಟಾಕಿ ಸಿಡಿದಂತೆ ಡಬ್ ಅನ್ನುವ ಸದ್ದು. ಎದ್ದು ನೋಡಿದರೆ ಏನೂ ಬಿದ್ದಿರುವುದಿಲ್ಲ. ಅದೂ ಹಲವರಿಗೆ ಆಗುತ್ತದಂತೆ, ಅಪಾಯವೇನಿಲ್ಲ.

ಊರಲ್ಲಿ ಹೇಳಿದಾಗ ಅಜ್ಜಿ ದೃಷ್ಟಿ ತೆಗೆದು, ದಿಂಬಿನ ಕೆಳಗೆ ಚಾಕು ಇಟ್ಟರು. ಚಿಕ್ಕಪ್ಪ ತಾಯತ ತಂದರು. ಅಜ್ಜಿ ಇನ್ನೊಂದು ಮಾತೂ ಹೇಳಿದ್ದರು, ಅಂಗಾತ ಮಲಗಬೇಡ, ಮಗ್ಗುಲಾಗಿ ಮಲಗು ಅಂತ. ನಿದ್ದೆಯ ಡಾಕ್ಟರುಗಳು ಹೇಳುವುದೂ ಅದನ್ನೇ, ಅಂಗಾತ ಮಲಗಿದಾಗಲೇ ಇದು ಹೆಚ್ಚು. ಚಾಕುವಿನ ವಿಷಯ ಬಿಡು.

ಒಳಗೆ ಆಗುವುದು ಇಷ್ಟು. ಕನಸು ಜೋರಾಗಿ ಬೀಳುವ ಒಂದು ಹಂತ ಇದೆ, ರೆಮ್ ನಿದ್ದೆ. 1953ರಲ್ಲಿ ಶಿಕಾಗೋದ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅದರ ಬಗ್ಗೆ ಮೊದಲು ಬರೆದರು. ಆ ಹೊತ್ತಿನಲ್ಲಿ ಮಿದುಳು ಕೈಕಾಲಿನ ಸ್ನಾಯುಗಳಿಗೆ ಅಪ್ಪಣೆ ಹೋಗದಂತೆ ತಡೆದಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಮಂಚದಿಂದಲೂ ಓಡುತ್ತಾನೆ. ಕೆಲವರಲ್ಲಿ ಈ ತಡೆ ಕೆಟ್ಟು ನಿದ್ದೆಯಲ್ಲೇ ಒದೆಯುವುದು, ಹೊಡೆಯುವುದು ಆಗುತ್ತದೆ, ಅದು ಬೇರೆಯದೇ ಕಾಯಿಲೆ. ನಮ್ಮದು ಅದಕ್ಕೆ ಉಲ್ಟಾ. ಎಚ್ಚರ ಬಂದಿರುತ್ತದೆ, ತಡೆ ಇನ್ನೂ ತೆಗೆದಿರುವುದಿಲ್ಲ, ಕನಸೂ ಪೂರ್ತಿ ಮುಗಿದಿರುವುದಿಲ್ಲ, ಅದಕ್ಕೇ ಬಾಗಿಲ ಹತ್ತಿರ ಆ ಮನುಷ್ಯ. ಎದೆ ಭಾರ ಯಾಕೆ ಗೊತ್ತಾ? ಎದೆ-ಹೊಟ್ಟೆಯ ನಡುವೆ ಇದ್ದು ಉಸಿರಾಟ ನಡೆಸುವ ವಪೆ ಅನ್ನುವ ಸ್ನಾಯುವಿಗೆ ಈ ತಡೆ ಇಲ್ಲ, ಅದು ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಪಕ್ಕೆಲುಬಿನ ಸ್ನಾಯುಗಳು ಸಡಿಲವಾಗಿರುವುದರಿಂದ, ಗಾಬರಿಯಲ್ಲಿ ಜೋರಾಗಿ ಉಸಿರೆಳೆಯಲು ಹೋದರೆ ಎದೆ ಏಳುವುದಿಲ್ಲ. ಸಾಯುತ್ತೇನೆ ಅನ್ನಿಸುತ್ತದೆ. ಸಾಯುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಧೈರ್ಯ ಕೊಟ್ಟಿದ್ದು ಈ ವಿಜ್ಞಾನಕ್ಕಿಂತ ಒಂದು ಹಳೇ ಚಿತ್ರ. ಹೆನ್ರಿ ಫ್ಯೂಸೆಲಿ 1781ರಲ್ಲಿ ಬರೆದದ್ದು. ಮಲಗಿರುವ ಹೆಂಗಸಿನ ಎದೆ ಮೇಲೆ ಒಂದು ಕುಳ್ಳ ಪಿಶಾಚಿ ಆರಾಮಾಗಿ ಕೂತಿದೆ. ಅರೆ, ಇದು ನಂದೇ ಅಲ್ವಾ ಅನ್ನಿಸಿತು! ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮುದುಕಿ ಬಂದು ಕೂರುತ್ತಾಳೆ ಅನ್ನುತ್ತಾರೆ, ಜಪಾನಿನಲ್ಲಿ ಇದಕ್ಕೆ ಕನಶಿಬಾರಿ ಅನ್ನುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ನೂರಕ್ಕೆ 7-8, ವಿದ್ಯಾರ್ಥಿಗಳಲ್ಲಿ 28. ನಮ್ಮ ಹಾಸ್ಟೆಲ್‌ನಲ್ಲೇ ಎಷ್ಟು ಜನ ಬಾಯಿ ಮುಚ್ಚಿಕೊಂಡಿದ್ದರೋ!

ಇಷ್ಟೆಲ್ಲ ತಿಳಿದರೆ ಬರುವುದು ನಿಲ್ಲುತ್ತದಾ? ಇಲ್ಲಪ್ಪ. ಬಂದಾಗ ಓದಿದ್ದೊಂದೂ ನೆನಪಾಗುವುದಿಲ್ಲ, ಆ ಕ್ಷಣಕ್ಕೆ ಅದು ಪಕ್ಕಾ ದೆವ್ವವೇ. ವ್ಯತ್ಯಾಸ ಆಮೇಲೆ. ಮೊದಲು ಮತ್ತೆ ಮಲಗಲು ಹೆದರಿ ಮೊಬೈಲ್ ಹಿಡಿದು ಕೂರುತ್ತಿದ್ದೆ, ನಿದ್ದೆ ಕೆಡುತ್ತಿತ್ತು, ನಿದ್ದೆ ಕೆಟ್ಟಿದ್ದಕ್ಕೇ ಮತ್ತೆ ಬರುತ್ತಿತ್ತು. ಈಗ ಹೆದರಿಕೆ ಮಲಗುವ ಹೊತ್ತಿನ ತನಕ ಉಳಿಯುವುದಿಲ್ಲ. ನಿದ್ದೆ ಕೆಟ್ಟರೆ ಇದು ಹೆಚ್ಚುತ್ತದೆ, ಹಾಗಾಗಿ ನೀನೂ ಮಲಗುವ ಹೊತ್ತು ಒಂದೇ ಇಟ್ಟುಕೋ. ಬಂದಾಗ ಇಡೀ ಮೈ ಎಬ್ಬಿಸಲು ಒದ್ದಾಡಬೇಡ, ಕಾಲಿನ ಹೆಬ್ಬೆರಳು ಒಂದನ್ನೇ ಅಲ್ಲಾಡಿಸಲು ನೋಡು, ನನಗೆ ಅದು ಕೆಲಸ ಮಾಡುತ್ತದೆ. ಬಿಟ್ಟ ಮೇಲೆ ಎದ್ದು ಮುಖ ತೊಳೆದುಕೋ, ಹಾಗೇ ಮಲಗಿದರೆ ನನಗಂತೂ ಮತ್ತೆ ಅದರೊಳಗೇ ಜಾರಿದ್ದಿದೆ. ಆತ್ಮ ದೇಹ ಬಿಟ್ಟು ಹೋಗುತ್ತದೆ ಅನ್ನುವ ಯೂಟ್ಯೂಬ್ ವಿಡಿಯೋ ದಯವಿಟ್ಟು ನೋಡಬೇಡ.

ಒಂದು ಮಾತ್ರ ಸುಮ್ನೆ ಬಿಡಬೇಡ. ಹಗಲು ತಡೆಯಲಾಗದಷ್ಟು ನಿದ್ದೆ, ಜೋರಾಗಿ ನಕ್ಕಾಗ ಮಂಡಿ ಕುಸಿಯುವುದು, ಗೊರಕೆಯ ನಡುವೆ ಉಸಿರು ನಿಲ್ಲುವುದು, ಇದರಲ್ಲಿ ಯಾವುದಾದರೂ ಇದ್ದರೆ ಡಾಕ್ಟರಿಗೆ ತೋರಿಸು. ನಿಮ್ಹಾನ್ಸ್‌ನಲ್ಲೂ ನಿದ್ದೆಯ ತೊಂದರೆ ನೋಡುತ್ತಾರೆ. ನೀನು ಬರುವುದಾದರೆ ನಾನೂ ಜೊತೆಗೆ ಬರುತ್ತೇನೆ.

ಮನೆಯಲ್ಲಿ ಹೇಳಿದ್ದೀಯಾ? ಇಲ್ಲದಿದ್ದರೆ ಇವತ್ತೇ ಹೇಳು. ನಿದ್ದೆಯಲ್ಲಿ ನೀನು ಮುಲುಗುವುದು ಕೇಳಿಸಿದರೆ ಭುಜ ಅಲ್ಲಾಡಿಸಿ ಎಬ್ಬಿಸು ಅಂತ ಹೆಂಡತಿಗೆ ಹೇಳಿಟ್ಟರೆ ಸಾಕು, ಯಾರಾದರೂ ಮುಟ್ಟಿದರೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಇಂತಿ,
ನಿನ್ನ ಹಾಸ್ಟೆಲ್ ಗೆಳೆಯ