ಹೊಗೆ ಬರೀ ಶ್ವಾಸಕೋಶದ ಸಮಸ್ಯೆ ಅಲ್ಲ

ಸಂಪಾದಕರೇ,

ಏರ್ ಪೊಲ್ಯೂಷನ್ ಅಂದ ತಕ್ಷಣ ಎಲ್ರೂ ಕೆಮ್ಮು, ದಮ್ಮು, ಹೆಚ್ಚಂದ್ರೆ ಹಾರ್ಟು ಅಂತಾರೆ, ಕತ್ತಿನಲ್ಲಿ ಚಿಟ್ಟೆ ಥರ ಕೂತಿರೋ ಥೈರಾಯ್ಡ್ ಗ್ರಂಥಿ ಬಗ್ಗೆ ಯಾರೂ ಬಾಯಿ ಬಿಡಲ್ಲ. ಥೈರಾಯ್ಡ್ ತೊಂದ್ರೆ ಗಂಡಸರಿಗಿಂತ ಹೆಂಗಸರಲ್ಲಿ 5ರಿಂದ 8 ಪಟ್ಟು ಜಾಸ್ತಿ, ಆದ್ರೂ ಸುಸ್ತು, ತೂಕ ಏರ್ತಿದೆ, ಕೂದ್ಲು ಉದುರ್ತಿದೆ ಅಂದ್ರೆ "ಟೆನ್ಷನ್ ಮಾಡ್ಕೋಬೇಡ" ಅನ್ನೋ ಉತ್ತರ ರೆಡಿ ಇರುತ್ತೆ (ಹೇಳೋರಿಗೇನು ಬಿಡಿ).

ಪಿಎಂ 2.5 ಅನ್ನೋ ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಹೋಗುತ್ತೆ, ಅದ್ರಲ್ಲಿ ಒಂದಷ್ಟು ರಕ್ತಕ್ಕೂ ಸೇರಿ ಮೈಯೆಲ್ಲಾ ಉರಿಯೂತ ಎಬ್ಬಿಸುತ್ತೆ. ಬೀಡಿ ಸಿಗರೇಟು ಹೊಗೆ ಒಳಗೆ ಹೋದ್ರೆ ದೇಹದಲ್ಲಿ ಥಯೋಸೈನೇಟ್ ಅನ್ನೋ ರಾಸಾಯನಿಕ ಜಾಸ್ತಿ ಆಗಿ, ಥೈರಾಯ್ಡ್ ಅಯೋಡಿನ್ ಹೀರ್ಕೊಳ್ಳೋದಕ್ಕೇ ಅಡ್ಡ ಬರುತ್ತೆ, ಅಯೋಡಿನ್ ಇಲ್ದೆ ಹಾರ್ಮೋನ್ ಎಲ್ಲಿಂದ ಬರ್ಬೇಕು? ಪಿಎಂ 2.5 ಜಾಸ್ತಿ ಇರೋ ಕಡೆಯ ಗರ್ಭಿಣಿಯರಲ್ಲಿ ಥೈರಾಯ್ಡ್ ಮಾಡೋ ಟಿ4 ಹಾರ್ಮೋನ್ ಕಮ್ಮಿ ಇರೋದು ಕೆಲವು ಸ್ಟಡಿಗಳಲ್ಲಿ ಕಂಡಿದೆ, ಇದೇ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ ನಿಜ, ಆದ್ರೆ ಮೊದಲ ಮೂರು ತಿಂಗಳು ಹೊಟ್ಟೇಲಿರೋ ಮಗುವಿನ ಮಿದುಳಿಗೆ ತಾಯಿಯ ಹಾರ್ಮೋನೇ ಗತಿ ಅಲ್ವಾ, ಹಾಗಾಗಿ ಸುಮ್ನೆ ಬಿಡೋ ವಿಷಯ ಅಂತೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿನ ಘನ ಮೀಟರ್‌ಗೆ 10ರಿಂದ 5 ಮೈಕ್ರೋಗ್ರಾಂಗೆ ಇಳಿಸ್ತು. ಗಾಳಿ ಗುಣಮಟ್ಟದ ನಂಬರ್ ಜೊತೆ ಪೇಪರ್‌ನಲ್ಲಿ ಬರೋದು ಮಾಸ್ಕ್ ಸಲಹೆ ಮಾತ್ರ, ಸುಸ್ತು ವಾರಗಟ್ಲೆ ಬಿಡದಿದ್ರೆ ಥೈರಾಯ್ಡ್ ಸರಿ ಇದ್ಯಾ ಅಂತ ನೋಡೋ ಟಿಎಸ್‌ಎಚ್ ಟೆಸ್ಟ್ ಬಗ್ಗೆ ಡಾಕ್ಟರ್ ಹತ್ರ ಕೇಳಿ ಅಂತ ಒಂದು ಸಾಲೂ ಹಾಕಿ ಪ್ಲೀಸ್.

ಇಂತಿ,
ಓದುಗಳು