ಒಂದು ಕಿವಿ ಕೇಳುತ್ತದಲ್ಲ, ಸಾಕು ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಆಗಾಗ ಉಚಿತ ಕಿವಿ ತಪಾಸಣೆ ಶಿಬಿರದ ಸುದ್ದಿ ಬರುತ್ತದೆ. ಒಳ್ಳೆಯ ಕೆಲಸವೇ. ಆದರೆ ನನ್ನಂಥ ಒಂದೇ ಕಿವಿಯವರು ಅಲ್ಲಿಗೆ ಹೋದರೆ ಸಿಗುವ ಮಾತು ಒಂದೇ: "ಇನ್ನೊಂದು ಚೆನ್ನಾಗಿದೆಯಲ್ಲ, ಬಿಡಿ." ಚಿಕ್ಕಂದಿನಲ್ಲಿ ಮಂಗನಬಾವು ಬಂದು ನನ್ನ ಎಡಗಿವಿ ಪೂರ್ತಿ ಹೋಯಿತು. (ಸರ್ಕಾರದ ಉಚಿತ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಎರಡೂ ಇವೆ, ಮಂಗನಬಾವು ಮಾತ್ರ ಇಲ್ಲ. ಯಾಕೋ!) ಬಲಗಿವಿ ಗಟ್ಟಿ. ಹಾಗಾಗಿ ಮನೆಯವರಿಗೂ ಡಾಕ್ಟರಿಗೂ ನಾನು ಸರಿ ಇದ್ದವನೇ.

ನಾನು ಮುಂಬಯಿಯ ಘಾಟ್ಕೋಪರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವವನು. ಎಡಗಡೆ ಪಾರ್ಸಲ್ ಕಿಟಕಿ. ಅಲ್ಲಿಂದ ಗಿರಾಕಿ ಕರೆದರೆ ನನಗೆ ಗೊತ್ತೇ ಆಗುವುದಿಲ್ಲ, ಅವನು ಮೂರನೇ ಸಲ ಕೂಗಿ, "ಈ ಶೆಟ್ಟಿಗೆ ಭಾರೀ ಕೊಬ್ಬು" ಅಂತ ಪಕ್ಕದವನಿಗೆ ಹೇಳಿ ಹೋಗುತ್ತಾನೆ. ಮದುವೆ ಊಟಕ್ಕೆ ಹೋದರೆ ಪಂಕ್ತಿಯ ಎಡತುದಿಯ ಜಾಗ ಹುಡುಕುತ್ತೇನೆ, ಆಗ ಎಲ್ಲರೂ ಬಲಗಡೆಗೇ ಬರುತ್ತಾರೆ. ಸಿಗದಿದ್ದರೆ ಸುಮ್ನೆ ನಗುತ್ತಾ ತಲೆ ಆಡಿಸುವುದು. ದಿನವಿಡೀ ಹೀಗೆ ಕಿವಿಗೊಟ್ಟು ಕೂತರೆ ಸಂಜೆಗೆ ಬರುವ ಸುಸ್ತು ಇದೆಯಲ್ಲ, ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಇದಕ್ಕೆ ಉಪಕರಣಗಳೇ ಇಲ್ಲ ಅಂತಲ್ಲ. ಕ್ರಾಸ್ ಅನ್ನುವ ಜೋಡಿ ಯಂತ್ರ ಇದೆ, ಅಮೆರಿಕದಲ್ಲಿ 1960ರ ದಶಕದಿಂದಲೂ ಇದೆ. ಕೆಟ್ಟ ಕಿವಿಯ ಮೇಲಿನ ಮೈಕು ಆ ಕಡೆಯ ಶಬ್ದವನ್ನು ಹಿಡಿದು ಒಳ್ಳೆಯ ಕಿವಿಗೆ ದಾಟಿಸುತ್ತದೆ, ಅಷ್ಟೇ. ಇನ್ನೊಂದು ಬಗೆಯದ್ದು ತಲೆಬುರುಡೆಯ ಮೂಳೆಯ ಮೂಲಕ ಶಬ್ದವನ್ನು ಆಚೆ ಕಿವಿಗೆ ಕಳಿಸುತ್ತದೆ. ಅದಕ್ಕೆ ಕಿವಿಯ ಹಿಂದೆ ಟೈಟಾನಿಯಂ ಸ್ಕ್ರೂ ಕೂರಿಸುತ್ತಾರೆ, ಆದರೆ ಆಪರೇಷನ್ನಿಗೆ ಮೊದಲೇ ಪಟ್ಟಿಯಲ್ಲಿ ತಲೆಗೆ ಕಟ್ಟಿಕೊಂಡು ಪರೀಕ್ಷಿಸಬಹುದು. ಇಷ್ಟೆಲ್ಲ ಇದ್ದರೂ ಇಷ್ಟು ವರ್ಷದಲ್ಲಿ ನನಗೆ ಒಬ್ಬರೂ ಹೇಳಲಿಲ್ಲ. ಕೊನೆಗೆ ಹೋಟೆಲಿಗೆ ಬರುವ ಗಿರಾಕಿಯೊಬ್ಬರ ಕಿವಿಯಲ್ಲಿ ನೋಡಿ ಕೇಳಿಕೊಂಡೆ.

ಕ್ರಾಸ್ ಯಂತ್ರವನ್ನು ಕೆಲವು ದಿನ ಟ್ರಯಲ್‌ಗೆ ತಂದು ಗಲ್ಲಾದಲ್ಲೇ ಹಾಕಿಕೊಂಡು ಕೂತೆ. ಬೆಳಿಗ್ಗೆ ಪಾರ್ಸಲ್ ಕಿಟಕಿಯಿಂದ "ಅಣ್ಣಾ, ದೋ ಇಡ್ಲಿ" ಅಂದದ್ದು ತಲೆ ತಿರುಗಿಸದೆಯೇ ಕೇಳಿತು! ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕಥೆ ಬೇರೆ. ಪಾತ್ರೆ ತೊಳೆಯುವ ಜಾಗವೂ ಎಡಕ್ಕೇ ಇರುವುದರಿಂದ ಸ್ಟೀಲ್ ತಟ್ಟೆಗಳ ಗಲಾಟೆಯೆಲ್ಲ ಒಳ್ಳೆಯ ಕಿವಿಗೇ ಬಂದು ತುಂಬಿತು, ಎದುರಿಗೆ ನಿಂತವರ ಮಾತೂ ಮುಚ್ಚಿಹೋಯಿತು. ಬಂದ್ ಮಾಡಿ ಇಟ್ಟೆ. ಯಂತ್ರ ಕೆಟ್ಟದ್ದು ಅಂತಲ್ಲ, ಅದರ ಕೆಲಸವೇ ಅದು. ಈಗ ರಶ್ ಇಲ್ಲದಾಗ ಹಾಕುತ್ತೇನೆ, ಊಟದ ಹೊತ್ತಿಗೆ ತೆಗೆಯುತ್ತೇನೆ. ಅಂಗಡಿಯ ಮುಚ್ಚಿದ ಕೋಣೆಯಲ್ಲಿ ಮಾತ್ರ ಹಾಕಿ ನೋಡಿದ್ದರೆ ಇದು ಗೊತ್ತಾಗುತ್ತಿತ್ತಾ? ಹಾಗಾಗಿ ನಿಮ್ಮ ಗದ್ದಲದಲ್ಲೇ ಟ್ರಯಲ್ ಮಾಡಿ, ಆಮೇಲೆ ದುಡ್ಡು ಕೊಡಿ.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ. ಶಬ್ದ ಯಾವ ಕಡೆಯಿಂದ ಬಂತು ಅಂತ ಈ ಎರಡು ಯಂತ್ರಗಳಿಂದಲೂ ಗೊತ್ತಾಗುವುದಿಲ್ಲ. ಶಬ್ದ ಒಂದು ಕಿವಿಗೆ ತುಸು ಮೊದಲು, ತುಸು ಜೋರಾಗಿ ಬರುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರ, ಅದರಿಂದಲೇ ಮೆದುಳು ದಿಕ್ಕು ಹೇಳುತ್ತದೆ. ಎಲ್ಲವೂ ಒಂದೇ ಕಿವಿಗೆ ಬಂದರೆ ಯಾವುದಕ್ಕೆ ಯಾವುದನ್ನು ಹೋಲಿಸುವುದು? ಡೊಂಬಿವಲಿ ಸ್ಟೇಷನ್ನಿನ ಹೊರಗೆ ರಿಕ್ಷಾ ಹಾರ್ನ್ ಕೇಳಿದರೆ ಇವತ್ತಿಗೂ ನಾನು ನಿಂತು ಎರಡೂ ಕಡೆ ನೋಡುವುದೇ. ಕೆಟ್ಟ ಕಿವಿಗೇ ಕೇಳಿಸುವಂತೆ ಮಾಡುವುದು, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ಒಂದೇ ಕಿವಿ ಹೋದವರಿಗೂ ಇದನ್ನು ಹಾಕಲು ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಕಿವಿಯ ನರ ಸರಿ ಇರಬೇಕು, ಕಿವುಡಾಗಿ ತುಂಬಾ ವರ್ಷ ಆಗಿರಬಾರದು. ನನಗೆ ಅದು ತಡವಾಯಿತು.

ಇನ್ನು ಸರ್ಕಾರದ ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಕಿವುಡು ಅನ್ನುವುದು ಎರಡೂ ಕಿವಿ ಹೋದರೆ ಮಾತ್ರ. ಸರ್ಟಿಫಿಕೇಟಿಗೆ ಒಳ್ಳೆಯ ಕಿವಿಯ ನಷ್ಟವನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯದನ್ನು ಕೂಡಿಸಿ, ಆರರಿಂದ ಭಾಗಿಸುತ್ತಾರೆ. ಒಂದು ಕಿವಿ ನೂರಕ್ಕೆ ನೂರು ಹೋದರೂ ಹದಿನೇಳರ ಹತ್ತಿರ ನಿಲ್ಲುತ್ತದೆ, ಸವಲತ್ತಿಗೆ ನಲವತ್ತು ಬೇಕು. ಲೋಕಲ್ ರೈಲಿನ ಅಂಗವಿಕಲರ ಡಬ್ಬಿ ನನಗೆ ಬೇಡ, ನೌಕರಿ ಮೀಸಲಾತಿಯೂ ಬೇಡ, ಅದು ಹೆಚ್ಚು ಕಷ್ಟ ಇರುವವರಿಗೆ ಸಿಗಲಿ. ಆದರೆ ಯಂತ್ರಕ್ಕೆ ಒಂದಿಷ್ಟು ಸಹಾಯ, ಶಾಲೆಯ ಮಕ್ಕಳಿಗಾದರೂ, ಕೊಟ್ಟರೆ ಏನು ನಷ್ಟ?

ಒಂದು ಮಾತು ಜಾಸ್ತಿ ಬರೆಯುತ್ತೇನೆ, ಕತ್ತರಿಸಬೇಡಿ. ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿದ ಹಾಗಾದರೆ ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಟುಕೊಂಡು ಕೂರಬೇಡಿ. ಅದು ನರದ ತೊಂದರೆಯೂ ಆಗಿರಬಹುದು, ಆಗ ಸ್ಟಿರಾಯ್ಡ್ ಔಷಧ ಬೇಗ, ಎರಡು ವಾರದೊಳಗೆ, ಶುರುವಾಗಬೇಕು. ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಹಳೆಯ ತೊಂದರೆ ಇರುವವರಿಗೆ ಬಾಂದ್ರಾ ರಿಕ್ಲಮೇಷನ್ನಿನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಊರ ಕಡೆ ಹೋಗುವವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕ್ರಾಸ್ ಅಂತ ಹೆಸರು ಹೇಳಿಯೇ ಕೇಳಿ. ಶಿಬಿರ ಮಾಡುವ ನಮ್ಮ ಸಂಘದವರೂ ಮುಂದಿನ ಸಲ ಆ ಯಂತ್ರ ಒಂದನ್ನು ಮೇಜಿನ ಮೇಲೆ ಇಡಲಿ.

— ಒಬ್ಬ ಓದುಗ, ಡೊಂಬಿವಲಿ ಪೂರ್ವ