ಸೆಲ್ ಕಾರ್ಖಾನೆಗೂ ಮುಂಚೆ ಒಂದು ಪೈಲಟ್ ಲೈನ್ ಕೊಡಿ: ಕೈಗಾರಿಕಾ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ಮಾನ್ಯ ಇಂಧನ ಸಚಿವರು

ಮಾನ್ಯರೇ,

ವಿದ್ಯುತ್ ವಾಹನ ಮತ್ತು ಇಂಧನ ಸಂಗ್ರಹಕ್ಕೆಂದು 2017ರಲ್ಲೇ ನೀತಿ ತಂದು ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. 2025ರ ಫೆಬ್ರುವರಿಯಲ್ಲಿ ನಡೆದ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಬದ್ಧತೆ ಬಂದಿದೆ ಎಂದು ಸರ್ಕಾರ ಹೇಳಿತು. ಬ್ಯಾಟರಿ ಸೆಲ್ ತಯಾರಿಕೆಯ ಕೆಲಸ ಬಲ್ಲ ನಾವು ಕೇಳುತ್ತಿರುವುದು ಅದರ ಮುಂದೆ ಬಹಳ ಸಣ್ಣ ಮೊತ್ತ. ಸರ್ಕಾರ ಮತ್ತು ಉದ್ಯಮ ಸೇರಿ ಕಟ್ಟಿ, ಯಾವ ಕಂಪನಿಯಾದರೂ ಯಾವ ಪ್ರಯೋಗಾಲಯವಾದರೂ ಬಾಡಿಗೆ ಕೊಟ್ಟು ಬಳಸಬಹುದಾದ ಒಂದು ಸೆಲ್ ಪೈಲಟ್ ಲೈನ್, ಅಂದರೆ ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವಿನ ಅಳತೆಯ ಪ್ರಾಯೋಗಿಕ ತಯಾರಿಕಾ ಸಾಲು, ನಮಗೆ ಬೇಕು. ಅದಿಲ್ಲದೆ ಗಿಗಾ ಕಾರ್ಖಾನೆಗೆ (ಭಾರಿ ಪ್ರಮಾಣದ ಸೆಲ್ ಕಾರ್ಖಾನೆಗೆ) ಜಮೀನು ಮಂಜೂರು ಮಾಡುವುದು ಮೆಟ್ಟಿಲಿಲ್ಲದ ಮಹಡಿ ಕಟ್ಟಿದ ಹಾಗೆ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡವೊಂದು 2025ರಲ್ಲಿ ಸೋಡಿಯಂ-ಅಯಾನ್ ಬ್ಯಾಟರಿಯೊಂದರ ಫಲಿತಾಂಶ ಪ್ರಕಟಿಸಿತು. ಆರು ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್, 3000ಕ್ಕೂ ಹೆಚ್ಚು ಸಲ ಚಾರ್ಜ್–ಡಿಸ್ಚಾರ್ಜ್. ಹೆಮ್ಮೆ ಪಡಬೇಕಾದ ಕೆಲಸ. ಇಂಥದ್ದೊಂದು ಸಂಶೋಧನೆ ಪಾವಗಡದ ಸೌರ ಪಾರ್ಕಿನ ಪಕ್ಕ ಕಂಟೇನರ್ ಬ್ಯಾಟರಿಯಾಗಿ ನಿಲ್ಲಬೇಕಾದರೆ ಏನೇನಾಗಬೇಕು ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇವೆ.

ಪ್ರಯೋಗಾಲಯಗಳಲ್ಲಿ ಹೊಸ ವಸ್ತುವನ್ನು ಸಾಮಾನ್ಯವಾಗಿ ಮೊದಲು ಪರೀಕ್ಷಿಸುವುದು 20 ಮಿ.ಮೀ. ವ್ಯಾಸದ ಕಾಯಿನ್ ಸೆಲ್‌ನಲ್ಲಿ. ಅದರೊಳಗಿನ ಎಲೆಕ್ಟ್ರೋಡ್ (ಬ್ಯಾಟರಿ ವಸ್ತು ಲೇಪಿಸಿದ ಲೋಹದ ಹಾಳೆ) ಒಂದೆರಡು ಚದರ ಸೆಂ.ಮೀ. ಅಷ್ಟೆ. ಗ್ರಿಡ್‌ಗೆ ಬೇಕಾಗುವ ಸೆಲ್ ಒಂದು 20 ಆಂಪಿಯರ್-ಅವರ್‌ನದು ಎಂದಿಟ್ಟುಕೊಳ್ಳಿ. ಪ್ರತಿ ಚದರ ಸೆಂ.ಮೀ.ಗೆ 2 ಮಿಲಿಆಂಪಿಯರ್-ಅವರ್ ಲೆಕ್ಕದಲ್ಲಿ ಲೇಪಿಸಿದರೆ ಆ ಒಂದೇ ಸೆಲ್ಲಿಗೆ ಒಂದು ಚದರ ಮೀಟರ್ ಲೇಪನ ಬೇಕು. ಸರಾಸರಿ 3.1 ವೋಲ್ಟ್ ಹಿಡಿದರೆ ಅದರಲ್ಲಿ 62 ವ್ಯಾಟ್-ಅವರ್ ಶಕ್ತಿ. ಒಂದು ಮೆಗಾವ್ಯಾಟ್-ಅವರ್‌ನ ಒಂದು ಪುಟ್ಟ ಕಂಟೇನರ್ ತುಂಬಲು ಇಂಥ ಸುಮಾರು 16,000 ಸೆಲ್ ಬೇಕು. ಹಾಳೆಯ ಎರಡೂ ಮುಖಕ್ಕೆ ಬಳಿದರೂ ಧನ ಧ್ರುವಕ್ಕೊಂದಕ್ಕೇ 8,000 ಚದರ ಮೀಟರ್ ಅಲ್ಯೂಮಿನಿಯಂ ಹಾಳೆ, 250 ಮಿ.ಮೀ. ಅಗಲದ ಸುರುಳಿಯಾದರೆ 32 ಕಿಲೋಮೀಟರ್ ಉದ್ದ. ನಿಮಿಷಕ್ಕೆ 5 ಮೀಟರ್ ಓಡುವ ಪೈಲಟ್ ಕೋಟರ್‌ನಲ್ಲಿ (ಲೇಪನ ಬಳಿಯುವ ಯಂತ್ರದಲ್ಲಿ) ಒಂದು ಮುಖ ಬಳಿಯಲು 107 ಗಂಟೆ. ಕೈಯಲ್ಲಿ ಬ್ಲೇಡ್ ಎಳೆದು ಬಳಿಯುವ ಪ್ರಯೋಗಾಲಯದಲ್ಲಿ ಇದು ಆಗದ ಮಾತು. ನಿಮಿಷಕ್ಕೆ 50 ಮೀಟರ್ ಮೀರಿ ಓಡುವ ಕಾರ್ಖಾನೆಯಲ್ಲಿ ಹೊಸ ರಾಸಾಯನಿಕವನ್ನು ಪ್ರಯೋಗಿಸಲು ಯಾರೂ ಬಿಡುವುದಿಲ್ಲ. ನಡುವಿನ ಈ ಜಾಗದಲ್ಲೇ ನಮ್ಮ ಬಹುಪಾಲು ಸಂಶೋಧನೆ ನಿಂತುಹೋಗುತ್ತಿದೆ.

ದೊಡ್ಡದು ಮಾಡಲು ಹೊರಟಾಗ ಕೆಡುವುದು ಏನು? ಮೊದಲು ಕೈಕೊಡುವುದು ಒಣಗಿಸುವ ಹಂತ. ಸ್ಲರಿಯನ್ನು, ಅಂದರೆ ಬ್ಯಾಟರಿ ವಸ್ತು, ಅಂಟು, ದ್ರಾವಕ ಕಲಸಿದ ಮಿಶ್ರಣವನ್ನು, ಹಾಳೆಗೆ ಬಳಿದು ಓವನ್ನಿನಲ್ಲಿ ಹಾಯಿಸುವಾಗ, ವೇಗ ಹೆಚ್ಚಿಸಲೆಂದು ಬಿಸಿ ಏರಿಸಿದರೆ ಬೈಂಡರ್ (ಅಂಟು) ದ್ರಾವಕದ ಜೊತೆ ಮೇಲಕ್ಕೆ ಏರಿಬಿಡುತ್ತದೆ. ಹಾಳೆಯನ್ನು ಹಿಡಿದುಕೊಳ್ಳಬೇಕಾದ ತಳದಲ್ಲಿ ಅಂಟು ಕಡಿಮೆಯಾಗುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸ್ಲಿಟಿಂಗ್ ಮಾಡುವಾಗ, ಅಂದರೆ ಹಾಳೆಯನ್ನು ಪಟ್ಟಿಗಳಾಗಿ ಸೀಳುವಾಗ, ಅಂಚಿನಿಂದ ಪದರ ಉದುರುತ್ತದೆ. ತೆಳುವಾಗಿ ಬಳಿದ ಕಾಯಿನ್ ಸೆಲ್‌ನಲ್ಲಿ ಈ ತೊಂದರೆ ಎಂದೂ ಕಾಣಿಸಿಕೊಂಡಿರುವುದಿಲ್ಲ. ಇನ್ನು ಸ್ಲಿಟಿಂಗ್ ಬ್ಲೇಡ್ ಮೊಂಡಾದರೆ ಹಾಳೆಯ ಅಂಚಿನಲ್ಲಿ ಲೋಹದ ಮುಳ್ಳು ಏಳುತ್ತದೆ. ಎರಡು ಎಲೆಕ್ಟ್ರೋಡ್ ನಡುವಿನ ಸೆಪರೇಟರ್, ಅಂದರೆ ಅವು ತಾಗದಂತೆ ತಡೆಯುವ ಪೊರೆ, ಇರುವುದೇ 12ರಿಂದ 20 ಮೈಕ್ರಾನ್ ದಪ್ಪ. ಅಷ್ಟೇ ಎತ್ತರದ ಮುಳ್ಳು ಎದ್ದರೆ ಒಳಗೇ ಶಾರ್ಟ್ ಆಗುತ್ತದೆ.

ಹಂತ ಹಂತವಾಗಿ ಸೋರುವ ಇಳುವರಿಯನ್ನೂ ನೋಡಿ. ಸ್ಲರಿ ಕಲಸುವ ಮಿಕ್ಸಿಂಗ್‌ನಿಂದ ಸೆಲ್ಲನ್ನು ಕೆಲವು ದಿನ ಇಟ್ಟು ನೋಡುವ ಏಜಿಂಗ್‌ವರೆಗೆ ಹತ್ತು ಹಂತ ಎಂದುಕೊಳ್ಳೋಣ. ಪ್ರತಿ ಹಂತದಲ್ಲೂ ಶೇ 98 ಮಾಲು ಸರಿಯಿದ್ದರೆ ಕೊನೆಗೆ ಉಳಿಯುವುದು ಶೇ 82. ಪ್ರತಿ ಹಂತ ಶೇ 95ಕ್ಕೆ ಇಳಿದರೆ ಉಳಿಯುವುದು ಶೇ 60. ಈ ಎರಡರ ನಡುವಿನ ಅಂತರವೇ ಕಂಪನಿಯ ಅಳಿವು ಉಳಿವು, ಮತ್ತು ಅದನ್ನು ದಾಟಲು ತಿಂಗಳುಗಟ್ಟಲೆ ಯಂತ್ರದ ಮುಂದೆ ನಿಂತು ಕಲಿಯುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಕೇಂದ್ರದ ಉತ್ಪಾದನಾ ಆಧಾರಿತ ಪ್ರೋತ್ಸಾಹಧನ ಯೋಜನೆ ಈ ಕಲಿಕೆಗೆ ಹಣ ಕೊಡುವುದಿಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಸುಧಾರಿತ ಸೆಲ್‌ಗಳಿಗೆ 18,100 ಕೋಟಿ ರೂಪಾಯಿ ಒಪ್ಪಿತು, 50 ಗಿಗಾವ್ಯಾಟ್-ಅವರ್ ಗುರಿ ಇಟ್ಟಿತು. ಹಣ ಬರುವುದು ಸೆಲ್ ಮಾರಾಟವಾದ ಮೇಲೆ. ಗಡುವಿನೊಳಗೆ ಆ ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ. ಮಾರಬಹುದಾದ ಸೆಲ್ ಮಾಡುವುದನ್ನು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ಆ ಯೋಜನೆಯಲ್ಲಿ ಉತ್ತರವಿರಲಿಲ್ಲ. ಯಂತ್ರ ಮತ್ತು ತಂತ್ರಜ್ಞರಿಗಾಗಿ ಚೀನಾದತ್ತ ನೋಡುವ ದಾರಿಯೂ ಕಿರಿದಾಗುತ್ತಿದೆ. 2025ರ ಜುಲೈನಲ್ಲಿ ಆ ದೇಶ ಬ್ಯಾಟರಿ ಕ್ಯಾಥೋಡ್ ತಯಾರಿಕಾ ತಂತ್ರಜ್ಞಾನವನ್ನೇ ರಫ್ತು ನಿಯಂತ್ರಣದ ಪಟ್ಟಿಗೆ ಸೇರಿಸಿತು.

ಬ್ರಿಟನ್ನಿನ ಕೊವೆಂಟ್ರಿಯಲ್ಲಿ ಇಂಥ ಸಾರ್ವಜನಿಕ ಸೌಲಭ್ಯ 2021ರ ಜುಲೈನಲ್ಲಿ ಶುರುವಾಯಿತು. ಖರ್ಚು 13 ಕೋಟಿ ಪೌಂಡ್. ಅಲ್ಲಿಂದ ನಾವು ಕಲಿಯಬೇಕಾದದ್ದು ಒಂದಿದೆ. ಅವರ ಲೈನ್ ಕಾರ್ಖಾನೆಯಷ್ಟೇ ದೊಡ್ಡದಾಗಿತ್ತು. ಒಮ್ಮೆ ಓಡಿಸಲು ಬೇಕಾಗುವ ಕಚ್ಚಾವಸ್ತು ಸಣ್ಣ ಕಂಪನಿಗಳ ಕೈಗೆಟುಕುವಂತಿರಲಿಲ್ಲ. ಹಾಗಾಗಿ ಆಮೇಲೆ ಪಕ್ಕದಲ್ಲೇ ಚಿಕ್ಕದೊಂದು ಪೈಲಟ್ ಲೈನ್ ಸೇರಿಸಬೇಕಾಯಿತು. ನಾವು ಚಿಕ್ಕದರಿಂದಲೇ ಶುರು ಮಾಡೋಣ: 250 ಮಿ.ಮೀ. ಅಗಲದ ಕೋಟರ್, ಕೆಲವೇ ಲೀಟರ್ ಸ್ಲರಿಯಲ್ಲೂ ಓಡುವ ಮಿಕ್ಸರ್, ಪೌಚ್ (ಚಪ್ಪಟೆ ಚೀಲ) ಮತ್ತು ಸಿಲಿಂಡರ್ ಎರಡೂ ಬಗೆಯ ಜೋಡಣೆ.

ಸಾರ್ವಜನಿಕ ತಯಾರಿಕಾ ಸಂಸ್ಥೆ ನಮಗೆ ಹೊಸದೇನಲ್ಲ. ಜೆಕೊಸ್ಲೊವಾಕಿಯಾದ ನೆರವಿನಲ್ಲಿ 1962ರಲ್ಲಿ ಹುಟ್ಟಿದ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ತುಮಕೂರು ರಸ್ತೆಯಲ್ಲೇ ಇದೆ, ಪೀಣ್ಯಕ್ಕೆ ಕೂಗಳತೆಯ ದೂರದಲ್ಲಿ. ವಿದ್ಯುತ್ ಉಪಕರಣಗಳ ಪರೀಕ್ಷೆಗೆ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನದೇ. ಬೃಹತ್ ಕೈಗಾರಿಕೆ ಸಚಿವಾಲಯದ ಬಂಡವಾಳ ಸರಕು ಯೋಜನೆಯ ಎರಡನೇ ಹಂತ 2022ರ ಜನವರಿಯಲ್ಲಿ ಬಂದಾಗ ಒಟ್ಟು 1,207 ಕೋಟಿಯಲ್ಲಿ 975 ಕೋಟಿ ಕೇಂದ್ರದ್ದು, 232 ಕೋಟಿ ಉದ್ಯಮದ್ದು ಎಂದಿತ್ತು. ಆ 80:20ರ ಅಚ್ಚು ನಮಗೂ ಒಪ್ಪುತ್ತದೆ. ಜಾಗಕ್ಕೆ ವಸಂತನರಸಾಪುರದ 530 ಎಕರೆಯ ಮೆಷಿನ್ ಟೂಲ್ ಪಾರ್ಕ್ ಇದೆ. 2,050 ಮೆಗಾವ್ಯಾಟ್‌ನ ಪಾವಗಡವೂ ಅದೇ ತುಮಕೂರು ಜಿಲ್ಲೆಯಲ್ಲಿದೆ.

ಹಣ ಮಂಜೂರಾಗುವುದಕ್ಕಿಂತ ಒಪ್ಪಂದದ ಬರಹದ ಬಗ್ಗೆ ನಮಗೆ ಹೆಚ್ಚು ಕಾಳಜಿ. ಕಟ್ಟಡ, ಯಂತ್ರಕ್ಕೆ ಅನುದಾನ ಕೊಟ್ಟು, ನಡೆಸುವ ಖರ್ಚನ್ನು ‘ಆದಾಯದಿಂದ ಭರಿಸತಕ್ಕದ್ದು’ ಎಂದು ಬರೆದರೆ ಎರಡನೇ ವರ್ಷವೇ ಬೀಗ ಬೀಳುತ್ತದೆ. ಕಾರಣ ಡ್ರೈ ರೂಮ್, ಅಂದರೆ ಸೆಲ್ ಜೋಡಿಸಲು ಬೇಕಾದ, ಗಾಳಿಯ ತೇವ ತೆಗೆದ ಕೋಣೆ. ಮಳೆಗಾಲದಲ್ಲಿ ಬೆಂಗಳೂರಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಿರುತ್ತದೆ. ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣತೆಯನ್ನು) ಮೈನಸ್ 40 ಡಿಗ್ರಿಗೆ ಇಳಿಸಬೇಕಾದರೆ ಅದು 0.12 ಗ್ರಾಂಗೆ ಬರಬೇಕು. ತೇವ ಉಳಿದರೆ ಎಲೆಕ್ಟ್ರೋಲೈಟ್‌ನ ಉಪ್ಪು ನೀರಿನ ಜೊತೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ, ಸೆಲ್ ಒಳಗಿಂದಲೇ ಸವೆಯುತ್ತದೆ. ತೇವ ಹೀರುವ ಚಕ್ರವನ್ನು ಬಿಸಿಗಾಳಿಯಿಂದ ಸದಾ ಒಣಗಿಸುತ್ತಿರಬೇಕು. ಗ್ರಾಹಕರು ಬರಲಿ ಬಿಡಲಿ, ಇದು ಇಪ್ಪತ್ತನಾಲ್ಕು ಗಂಟೆಯೂ ಓಡಬೇಕು. ಒಂದು ಕ್ಷಣ ವೋಲ್ಟೇಜ್ ಕುಸಿದು ಬ್ಲೋವರ್ ಟ್ರಿಪ್ ಆದರೆ ಕೋಣೆ ಮತ್ತೆ ಹದಕ್ಕೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ, ಒಳಗಿದ್ದ ಮಾಲು ಗುಜರಿಗೆ ಹೋಗುತ್ತದೆ. ಆದ್ದರಿಂದ ಎರಡು ಬೇರೆ ಸಬ್‌ಸ್ಟೇಷನ್‌ಗಳಿಂದ ಎರಡು ಫೀಡರ್ (ವಿದ್ಯುತ್ ಪೂರೈಕೆ ಮಾರ್ಗ), ಬ್ಲೋವರ್ ಮತ್ತು ನಿಯಂತ್ರಣ ವ್ಯವಸ್ಥೆಗೆ ಯುಪಿಎಸ್, ಇವು ಅಂದಾಜು ಪಟ್ಟಿಯಲ್ಲಿ ಮೊದಲ ದಿನದಿಂದಲೇ ಇರಬೇಕು. ಮೊದಲ ಐದು ವರ್ಷದ ವಿದ್ಯುತ್, ಸಂಬಳ, ಬಿಡಿಭಾಗದ ಖರ್ಚನ್ನು ವರ್ಷವರ್ಷಕ್ಕೂ ಇಳಿಯುವ ಪ್ರಮಾಣದಲ್ಲಿ ರಾಜ್ಯ ಹೊರಬೇಕು. ಆಮೇಲೂ ಸುಮಾರು ಮೂರನೇ ಒಂದು ಭಾಗ ಖಾಯಂ ಆಗಿ ಉಳಿಯಲಿ; ಜರ್ಮನಿಯ ಫ್ರೌನ್‌ಹೋಫರ್ ಅನ್ವಯಿಕ ಸಂಶೋಧನಾ ಸಂಸ್ಥೆಗಳಿಗೆ ಅಲ್ಲಿನ ಸರ್ಕಾರಗಳ ಮೂಲ ಅನುದಾನ ಹೆಚ್ಚುಕಡಿಮೆ ಅಷ್ಟೇ ಇದೆ.

ಡ್ರೈ ರೂಮ್ ಬಗ್ಗೆ ಇನ್ನೊಂದು ಮಾತು. ಒಳಗೆ ನಿಂತ ಒಬ್ಬ ಮನುಷ್ಯ ಗಂಟೆಗೆ ಸುಮಾರು 100 ಗ್ರಾಂ ತೇವ ಬಿಡುತ್ತಾನೆ. ಉದ್ಘಾಟನೆಗೆ ಬಂದ 60 ಜನ ಒಳಹೊಕ್ಕರೆ ಗಂಟೆಗೆ ಆರು ಲೀಟರ್ ನೀರು ಸುರಿದಂತೆ. ದಯವಿಟ್ಟು ಗಾಜಿನ ಗ್ಯಾಲರಿಯನ್ನು ನಕ್ಷೆಯಲ್ಲೇ ಸೇರಿಸಿ. ವಿದ್ಯಾರ್ಥಿಗಳು ಮುಂದೆಯೂ ಅಲ್ಲಿಂದಲೇ ನೋಡಬಹುದು.

ಯಂತ್ರ ಖರೀದಿಯಲ್ಲಿ ಅತಿ ಕಡಿಮೆ ದರದ ಟೆಂಡರ್ ಪದ್ಧತಿ ಇಲ್ಲಿ ನಡೆಯದು. ಮಿಕ್ಸರ್ ಒಬ್ಬರದು, ಕೋಟರ್ ಇನ್ನೊಬ್ಬರದು, ಲೇಪನವನ್ನು ಉರುಳೆಗಳ ನಡುವೆ ಒತ್ತುವ ಕ್ಯಾಲೆಂಡರ್ ಯಂತ್ರ ಮತ್ತೊಬ್ಬರದು ಆದಾಗ ಲೇಪನ ಕೆಟ್ಟರೆ ಹೊಣೆ ಯಾರೂ ಹೊರುವುದಿಲ್ಲ. ಸ್ಲರಿಯಿಂದ ಎಲೆಕ್ಟ್ರೋಡ್‌ವರೆಗೆ ಒಬ್ಬರೇ ಜವಾಬ್ದಾರರಾಗಲಿ. ಯಂತ್ರ ಹಡಗು ಹತ್ತುವ ಮುಂಚೆ ನಮ್ಮ ಸ್ಲರಿ, ನಮ್ಮ ಹಾಳೆ ಹಾಕಿ ಎಂಟು ಗಂಟೆ ಎಡೆಬಿಡದೆ ಓಡಿಸಿ ತೋರಿಸಲಿ. ಲೇಪನದ ತೂಕ ಶೇ 2ಕ್ಕಿಂತ ಹೆಚ್ಚು ಏರಿಳಿಯಬಾರದು. ಇದೇ ಪರೀಕ್ಷೆ ಇಲ್ಲಿ ಅಳವಡಿಸಿದ ಮೇಲೆ ಮತ್ತೆ ನಡೆಯಲಿ, ಅಲ್ಲಿಯವರೆಗೆ ಬಿಲ್ಲಿನ ಶೇ 25 ತಡೆಹಿಡಿಯಿರಿ. ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಪಿಎಲ್‌ಸಿಯ ಸೋರ್ಸ್ ಪ್ರೋಗ್ರಾಂ ಮತ್ತು ಪಾಸ್‌ವರ್ಡ್ ಹಸ್ತಾಂತರಿಸುವುದು ಕಡ್ಡಾಯವಾಗಿರಲಿ. ಈ ಒಂದು ಸಾಲು ಬಿಟ್ಟುಹೋದರೆ ಒಂದು ಸೆನ್ಸರ್ ಬದಲಿಸಲೂ ವಿದೇಶಿ ತಂತ್ರಜ್ಞನ ವೀಸಾಕ್ಕೆ ಕಾಯಬೇಕಾಗುತ್ತದೆ.

ಪಾಲುದಾರಿಕೆಯ ವಿಷಯ. ಒಂದೇ ದೊಡ್ಡ ಕಂಪನಿ ಶೇ 20ಕ್ಕಿಂತ ಹೆಚ್ಚು ಯಂತ್ರ ಸಮಯ ಹಿಡಿಯದಂತೆ ಮಿತಿ ಹಾಕಿ. ಶೇ 30 ಸಮಯವನ್ನು ಸ್ಟಾರ್ಟಪ್, ಸಣ್ಣ ಕೈಗಾರಿಕೆ ಮತ್ತು ಸಾರ್ವಜನಿಕ ಪ್ರಯೋಗಾಲಯಗಳಿಗೆ ಪ್ರಕಟಿತ ದರದಲ್ಲಿ ಮೀಸಲಿಡಿ. ಸ್ಲರಿಯ ಪಾಕ ತಂದವರದೇ ಆಗಿರಲಿ, ಅದರಲ್ಲಿ ಯಾರೂ ಪಾಲು ಕೇಳಬಾರದು. ಯಂತ್ರಕ್ಕೆ ಸಂಬಂಧಿಸಿದ ತಿಳಿವಳಿಕೆ, ಅಂದರೆ ಯಾವ ಬಿಸಿಯಲ್ಲಿ ಬಿರುಕು ಬಂತು, ಎಷ್ಟು ಮೀಟರ್‌ಗೆ ಬ್ಲೇಡ್ ಸವೆಯಿತು ಎಂಬುದು ಎಲ್ಲ ಸದಸ್ಯರಿಗೂ ಸಿಗಲಿ. ಹೀಗೆ ಗೆರೆ ಎಳೆಯದಿದ್ದರೆ ಪ್ರತಿಸ್ಪರ್ಧಿಗಳಿಗೆ ಹೆದರಿ ಯಾರೂ ಬಾಗಿಲಿಗೆ ಬರುವುದಿಲ್ಲ.

ಜನರ ತರಬೇತಿ ಯಂತ್ರಕ್ಕಿಂತ ಮೊದಲು ಶುರುವಾಗಬೇಕು. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಿಂದ, ಟಾಟಾ ಟೆಕ್ನಾಲಜೀಸ್ ಜೊತೆ ಮೇಲ್ದರ್ಜೆಗೇರಿಸಿದ 150 ಸರ್ಕಾರಿ ಐಟಿಐಗಳಿಂದ 40 ಜನರನ್ನು ಆರಿಸಿ, ಯಂತ್ರ ತಯಾರಾಗುವ ಊರಿಗೇ ಮೂರು ತಿಂಗಳು ಕಳಿಸಿ. ಬಿಚ್ಚಿ ಜೋಡಿಸುವಾಗ ಪಕ್ಕದಲ್ಲಿದ್ದವರಿಗೆ ಮಾತ್ರ ಯಂತ್ರದ ಮರ್ಮ ತಿಳಿಯುತ್ತದೆ.

ಸುರಕ್ಷತೆಯಲ್ಲಿ ರಾಜಿ ಬೇಡ. ಫಾರ್ಮೇಷನ್ ಕೋಣೆ, ಅಂದರೆ ಸೆಲ್ಲಿಗೆ ಮೊದಲ ಸಲ ನಿಧಾನವಾಗಿ ಚಾರ್ಜ್ ಕೊಡುವ ಜಾಗ, ಬೆಂಕಿ ತಡೆಯುವ ಗೋಡೆಯಿಂದ ಬೇರೆಯಾಗಿರಲಿ. ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಪತ್ತೆ ಸಾಧನ ಇರಲಿ. ಸ್ಲರಿ ಕಲಸಲು ಬಳಸುವ ಎನ್‌ಎಂಪಿ ದ್ರಾವಕ ಗರ್ಭಸ್ಥ ಶಿಶುವಿಗೆ ಹಾನಿ ಮಾಡುವಂಥದ್ದು. ಅದರ ಆವಿಯನ್ನು ಹಿಡಿದು ಮರುಬಳಸುವ ಘಟಕವಿಲ್ಲದೆ ಕೋಟರ್ ಚಾಲೂ ಮಾಡಲು ಅನುಮತಿ ಕೊಡಬೇಡಿ.

ಇನ್ನು ಇಂಧನ ಸಚಿವರಿಗೆ ನಮ್ಮ ಕೋರಿಕೆ. ಹೊಸ ಸೆಲ್ಲಿಗೆ ಮೊದಲ ಗ್ರಾಹಕ ಸಿಗುವುದು ಎಲ್ಲಕ್ಕಿಂತ ಕಷ್ಟ. ಮಧ್ಯಾಹ್ನ ಸೌರ ವಿದ್ಯುತ್ ತುಂಬಿ ಹರಿದು ಸಂಜೆ ಕೊರತೆ ಬೀಳುವ ರಾಜ್ಯದಲ್ಲಿ ಕೆಪಿಟಿಸಿಎಲ್‌ಗಿಂತ ಒಳ್ಳೆಯ ಮೊದಲ ಗ್ರಾಹಕ ಬೇರೆ ಯಾರು? ಈ ಲೈನಿನಲ್ಲಿ ತಯಾರಾದ, ಭಾರತೀಯ ಮಾನಕಗಳ ಪರೀಕ್ಷೆ ಪಾಸಾದ ಸೆಲ್‌ಗಳಿಂದ ಕಟ್ಟಿದ ಒಂದೊಂದು ಮೆಗಾವ್ಯಾಟ್-ಅವರ್‌ನ ಐದು ಕಂಟೇನರ್‌ಗಳನ್ನು ಐದು ಸಬ್‌ಸ್ಟೇಷನ್‌ಗಳಲ್ಲಿ ನಿಲ್ಲಿಸುವುದಾಗಿ ಮುಂಚಿತವಾಗಿ ಬರೆದುಕೊಡಿ. ಹಣ ಕೊಡುವುದನ್ನು ಮೂರು ಅಳತೆಗೆ ಕಟ್ಟಿ: ಕರೆದಾಗ ಸಿಕ್ಕ ಗಂಟೆಗಳು, ಹಾಕಿದ ವಿದ್ಯುತ್ತಿನಲ್ಲಿ ಎಷ್ಟು ವಾಪಸು ಬಂತು, ವರ್ಷಕ್ಕೆ ಸಾಮರ್ಥ್ಯ ಎಷ್ಟು ಕುಸಿಯಿತು. ಮೂರರ ದತ್ತಾಂಶವೂ ಪ್ರತಿ ತಿಂಗಳು ಸಾರ್ವಜನಿಕವಾಗಿ ಪ್ರಕಟವಾಗಲಿ. ಸಾಲ ಕೊಡುವ ಬ್ಯಾಂಕು, ಮುಂದಿನ ಗ್ರಾಹಕ ಇಬ್ಬರೂ ನೋಡುವುದು ಅದನ್ನೇ.

ಕೇಂದ್ರ ಸಂಪುಟ 2025ರ ಜುಲೈನಲ್ಲಿ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿ ಮುಖ್ಯವಾಗಿ ಪ್ರಯೋಗಾಲಯ ದಾಟಿದ ತಂತ್ರಜ್ಞಾನಗಳಿಗೆ. ಈ ಲೈನನ್ನು ಬಳಸುವ ಕಂಪನಿಗಳು ಆ ನಿಧಿಯ ಬಾಗಿಲು ತಟ್ಟಬಹುದು. ಆದರೆ ರಾಜ್ಯ ತನ್ನ ಪಾಲಿನ ಹಣ, ಜಾಗ, ಫೀಡರ್ ಮೊದಲು ತೋರಿಸಬೇಕು. ಮುಂದಿನ ಬಜೆಟ್ ಪೂರ್ವಭಾವಿ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಿ. ಟೆಂಡರ್ ಕರಡು ಸಿದ್ಧವಾದಾಗ, ಕರೆಯುವ ಮುಂಚೆ, 30 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಿ. ಯಂತ್ರಗಳ ತಾಂತ್ರಿಕ ವಿವರಣೆ, ಸ್ವೀಕಾರ ಪರೀಕ್ಷೆಯ ನಮೂನೆ, ಬಿಡಿಭಾಗಗಳ ಪಟ್ಟಿ ಬರೆದುಕೊಡಲು ನಾವು ಸಿದ್ಧರಿದ್ದೇವೆ. ಅದಕ್ಕೆ ಶುಲ್ಕವೇನೂ ಬೇಡ.

ವಂದನೆಗಳೊಂದಿಗೆ,
ಬ್ಯಾಟರಿ ಸೆಲ್ ಮತ್ತು ತಯಾರಿಕಾ ಕ್ಷೇತ್ರದ ಕನ್ನಡಿಗ ಎಂಜಿನಿಯರುಗಳು